ಹೋಗಿರಬಹುದು: ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳು ಕನ್ನಡದ ಕಣ್ಣಿಗೆ

ಶಿಕ್ಷಕ ಮಿತ್ರರಿಗೆ ನಮಸ್ಕಾರ.

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಸೇರಿದ ಹೊಸದರಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ರಜಾ ಚೀಟಿ ತಂದಳು. ಅದರಲ್ಲಿ ‘ಐ ಡಿಡ್ ನಾಟ್ ಕೇಮ್ ಎಸ್ಟರ್‌ಡೇ’ ಎಂದಿತ್ತು. ‘ಕೇಮ್’ ಕೆಳಗೆ ಕೆಂಪು ಗೆರೆ ಎಳೆದೆ. “ನಿನ್ನೆಯ ಮಾತಲ್ಲವೇ ಸಾರ್, ಅದಕ್ಕೇ ಭೂತಕಾಲ ಬರೆದೆ” ಎಂದಳು. “ಡಿಡ್ ಬಂದ ಮೇಲೆ ಹಾಗೆ ಬರೆಯಬಾರದು, ಅದು ನಿಯಮ” ಎಂದು ಬಾಯಿ ಮುಚ್ಚಿಸಿದೆ. ಮೇಷ್ಟರಿಗೆ ಉತ್ತರ ಗೊತ್ತಿಲ್ಲದಾಗ ಹೊರಬರುವ ಮಾತಿಗೆ ನಿಯಮ ಎಂದು ಹೆಸರು. ಉತ್ತರ ಆ ಹುಡುಗಿಯ ನಾಲಗೆಯ ಮೇಲೆಯೇ ಇತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ.

ಅದೇ ಚೀಟಿಯನ್ನು ಅವಳು ಕನ್ನಡದಲ್ಲಿ ಬರೆದಿದ್ದರೆ ‘ನಾನು ನಿನ್ನೆ ಬರಲಿಲ್ಲ’ ಎಂದು ಬರೆಯುತ್ತಿದ್ದಳು. ‘ಬಂದೆ’ ಎಂಬುದರಲ್ಲಿ ಭೂತಕಾಲ ಇದೆ, ‘ನಾನು’ ಎಂಬುದರ ಗುರುತೂ ಇದೆ. ‘ಇಲ್ಲ’ ಬಂದು ಕೂತದ್ದೇ ತಡ, ಎರಡೂ ಮಾಯ; ‘ಬರಲು’ ಎಂಬ ಬರಿಯ ರೂಪ ಉಳಿಯಿತು. ‘ಬಂದಲಿಲ್ಲ’ ಎಂದು ಶಾಲೆಗೆ ಬರುವ ಯಾವ ಮಗುವೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಆಗುವುದೂ ಅದೇ. ಕಾಲದ ಹೊರೆಯನ್ನು ‘ಡಿಡ್’ ಹೊತ್ತಿತು, ‘ಕೇಮ್’ ತನ್ನ ಹೊರೆ ಇಳಿಸಿ ‘ಕಮ್’ ಆಯಿತು. ಇಬ್ಬರೂ ಹೊರುವ ಪದ್ಧತಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಈ ಸಹಾಯಕರು ಯಾರು ಯಾರು? ಬಿ, ಹ್ಯಾವ್, ಡು ಎಂಬ ಮೂರು ಮನೆತನಗಳು. ಅವುಗಳ ಜೊತೆಗೆ ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್ ಎಂಬ ಒಂಬತ್ತು. ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಸುಲಭ, ನಾವೆಲ್ಲರೂ ಮಾಡಿಸಿದ್ದೇವೆ. ಅಂದ ಹಾಗೆ, ‘ಕುಡ್’ ಬರೆಯುವಾಗ ನಡುವೆ ಉಚ್ಚಾರವಿಲ್ಲದ ಎಲ್ ಏಕೆ ಎಂದು ಮಕ್ಕಳು ಕೇಳುತ್ತಾರೆ. ‘ವುಡ್’, ‘ಶುಡ್’ಗಳ ಎಲ್, ವಿಲ್ ಮತ್ತು ಶಲ್‌ಗಳಿಂದ ಬಂದ ಪಿತ್ರಾರ್ಜಿತ. ‘ಕ್ಯಾನ್’ನಲ್ಲಿ ಎಲ್ ಎಲ್ಲಿದೆ? ‘ಕುಡ್’ ಪಕ್ಕದ ಮನೆಯವರನ್ನು ನೋಡಿ ತಾನೂ ಒಂದು ತೊಟ್ಟುಕೊಂಡಿತು, ಅಷ್ಟೇ.

ಈಗ ಹಲಗೆಯ ಕಡೆ ನೋಡಿ. ‘ಅವನು ಹೋಗಿರಬಹುದು’ ಎಂದು ಬರೆದಿದ್ದೇನೆ. ಇದನ್ನು ಬಿಡಿಸಿದರೆ ಹೋಗಿ, ಇರ, ಬಹುದು. ಇಂಗ್ಲಿಷಿನಲ್ಲಿ ‘ಹಿ ಮೇ ಹ್ಯಾವ್ ಗಾನ್’. ಬಲಗಡೆಯಿಂದ ಓದಿಕೊಳ್ಳಿ: ಬಹುದು ಎಂದರೆ ಮೇ, ಇರ ಎಂದರೆ ಹ್ಯಾವ್, ಹೋಗಿ ಎಂದರೆ ಗಾನ್. ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಇನ್ನೂ ಉದ್ದದ್ದು ಬೇಕೆ? ‘ಅವನು ಹೋಗುತ್ತಾ ಇದ್ದಿರಬೇಕು.’ ಹೋಗುತ್ತಾ, ಇದ್ದು, ಇರ, ಬೇಕು. ಇಂಗ್ಲಿಷಿನಲ್ಲಿ ‘ಹಿ ಮಸ್ಟ್ ಹ್ಯಾವ್ ಬೀನ್ ಗೋಯಿಂಗ್’. ಬೇಕು ಮಸ್ಟ್, ಇರ ಹ್ಯಾವ್, ಇದ್ದು ಬೀನ್, ಹೋಗುತ್ತಾ ಗೋಯಿಂಗ್. ನಾಲ್ಕಕ್ಕೆ ನಾಲ್ಕು. ಹತ್ತನೇ ತರಗತಿಯ ಮಕ್ಕಳು ಬೆದರುವ ಈ ವಾಕ್ಯವನ್ನು ಅವರ ಅಜ್ಜಿ ಜಗಲಿಯಲ್ಲಿ ಕೂತು ದಿನಕ್ಕೆ ಹತ್ತು ಸಲ ಹೇಳಿರುತ್ತಾರೆ.

ನಾವು ಸಹಾಯಕರನ್ನು ಬಾಲಕ್ಕೆ ಅಂಟಿಸಿ ಒಂದೇ ಪದ ಮಾಡುತ್ತೇವೆ, ಅವರು ಬಿಡಿಬಿಡಿಯಾಗಿ ಮುಂದೆ ನಿಲ್ಲಿಸುತ್ತಾರೆ. ಅಂಟಿದ್ದರಿಂದಲೇ ನಮ್ಮವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ‘ಹೋಗಲಿಲ್ಲ’ ಮತ್ತು ‘ಹೋಗಿಲ್ಲ’ಗಳ ವ್ಯತ್ಯಾಸ ಕೇಳಿದರೆ ಯಾರೂ ತಡವರಿಸುವುದಿಲ್ಲ: ಒಂದು ಮುಗಿದ ಕಥೆ, ಇನ್ನೊಂದು ಈ ಹೊತ್ತಿನವರೆಗಿನ ಕಥೆ. ಡಿಡ್ ನಾಟ್ ಗೋ, ಹ್ಯಾಸ್ ನಾಟ್ ಗಾನ್. ಆದರೆ ಇಲ್ಲೊಂದು ಎಡವು ಇದೆ. ‘ಅವನು ನಿನ್ನೆಯೇ ಬಂದಿದ್ದಾನೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷಿನ ‘ಹ್ಯಾಸ್ ಕಮ್’ ಜೊತೆ ‘ಎಸ್ಟರ್‌ಡೇ’ ಕೂರುವುದಿಲ್ಲ, ಅಲ್ಲಿ ‘ಕೇಮ್’ ಎನ್ನಬೇಕು. ಕನ್ನಡಿಯಲ್ಲೂ ಅಲ್ಲಲ್ಲಿ ಡೊಂಕು ಇರುತ್ತದೆ.

ನಮ್ಮಲ್ಲಿ ನೇರ ಜೋಡಿ ಸಿಗದೆ ಕಾಡುವುದು ಪ್ರಶ್ನೆಯ ‘ಡು’. ‘ನಿನಗೆ ಗೊತ್ತಾ?’ ಎಂದು ಒಂದು ದೀರ್ಘ ಎಳೆದರೆ ನಮ್ಮ ಪ್ರಶ್ನೆ ಮುಗಿಯಿತು. ಅವರಿಗೆ ‘ಡು ಯು ನೋ’ ಎಂದು ಹೊಸಬನೊಬ್ಬನನ್ನು ಕರೆತಂದು ವಾಕ್ಯದ ಮುಂದೆ ನಿಲ್ಲಿಸಬೇಕು. ಹಿಂದೆ ಅವರೂ ಇಷ್ಟು ಕಷ್ಟಪಡುತ್ತಿರಲಿಲ್ಲ, ‘ನೋ ಯು?’ ಎಂದು ಕ್ರಿಯಾಪದವನ್ನೇ ಮುಂದಕ್ಕೆ ತಂದು ಕೇಳುತ್ತಿದ್ದರು. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ‘ದೇ ನೋ ನಾಟ್’ ಎಂದೇ ಇದೆ, ‘ಡು ನಾಟ್ ನೋ’ ಅಲ್ಲ. ಹದಿನಾರು, ಹದಿನೇಳನೇ ಶತಮಾನಗಳಲ್ಲಿ ‘ಡು’ ನಿಧಾನವಾಗಿ ಈ ಜಾಗಗಳನ್ನು ಹಿಡಿಯಿತು. ನಗಬೇಡಿ, ನಮ್ಮಲ್ಲೂ ಇಂಥದ್ದು ಆಗಿದೆ. ವಚನಕಾರರು ‘ಅರಿಯೆ’ ಎಂದು ಒಂದೇ ಪದದಲ್ಲಿ ಮುಗಿಸುತ್ತಿದ್ದ ಮಾತಿಗೆ ಈಗ ‘ತಿಳಿದಿಲ್ಲ’ ಎಂದು ‘ಇಲ್ಲ’ದ ಸಹಾಯ ಬೇಕು.

ಇನ್ನು ಮರ್ಯಾದೆಯ ವಿಷಯ. ನಮಗೆ ನೀನು, ನೀವು ಎರಡೂ ಇವೆ. ‘ಕೊಡು’ವನ್ನು ‘ಕೊಡುತ್ತೀರಾ’ ಮಾಡಿದರೆ ಗೌರವ ಸಂದಿತು. ಇಂಗ್ಲಿಷಿನ ‘ಯು’ ಮಗುವಿಗೂ ಒಂದೇ, ಜಿಲ್ಲಾಧಿಕಾರಿಗೂ ಒಂದೇ. ಹಾಗಾಗಿ ಗೌರವದ ಒಂದು ಪಾಲು ಸಹಾಯಕ ಕ್ರಿಯಾಪದದ ಹೆಗಲಿಗೆ ಬೀಳುತ್ತದೆ: ‘ಕ್ಯಾನ್ ಯು’ ಎಂಬುದಕ್ಕಿಂತ ‘ಕುಡ್ ಯು’ ಒಂದು ಮೆಟ್ಟಿಲು ಹೆಚ್ಚು ವಿನಯದ್ದು. ರೂಪ ಭೂತಕಾಲದ್ದು, ಕೇಳುತ್ತಿರುವುದು ಈಗ. ಇದನ್ನು ಭೂತಕಾಲದ ಕೋಷ್ಟಕದೊಳಗೆ ತುರುಕಿ ಕಲಿಸಿದರೆ ಮಕ್ಕಳಿಗೆ ಅರ್ಥವಾಗುವುದಾದರೂ ಹೇಗೆ?

ವಾಕ್ಯದ ಕೊನೆಯ ‘ಅಲ್ಲವೇ’ಯೂ ಹೀಗೇ ತಕರಾರಿನದು. ನಮಗೆ ಒಂದೇ ‘ಅಲ್ಲವೇ’ ಎಲ್ಲಕ್ಕೂ ಸಾಕು, ಅದಕ್ಕೇ ಎಲ್ಲ ಕಡೆ ‘ಇಸಂಟ್ ಇಟ್’ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಮುಂದೆ ನಿಂತಿದ್ದ ಸಹಾಯಕನೇ ಹಿಂದೆಯೂ ಬಂದು ನಿಲ್ಲಬೇಕು. ‘ಶಿ ಕ್ಯಾನ್ ಸಿಂಗ್’ ಎಂದರೆ ಕೊನೆಗೆ ‘ಕಾಂಟ್ ಶಿ’. ‘ಯು ಕೇಮ್’ ಎಂಬಲ್ಲಿ ಸಹಾಯಕ ಕಾಣಿಸುವುದಿಲ್ಲ. ಆದರೆ ‘ಡಿಡಂಟ್ ಯು’ ಎಂದು ಅಡಗಿದ್ದವನು ಹೊರಬರುತ್ತಾನೆ.

ಸೀಮೆಸುಣ್ಣ ಇಲ್ಲಿ ಮೇಜಿನ ಮೇಲಿದೆ. ‘ಅವಳು ಆಗ ಓದುತ್ತಾ ಇದ್ದಿರಲಾರಳು’ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಹಿಂದಿನ ಸಾಲಿನಲ್ಲಿ ಕೂತವರು ಯಾರಾದರೂ ಬನ್ನಿ, ಬಲಗಡೆಯಿಂದ ಒಂದೊಂದೇ ಬಿಡಿಸುತ್ತಾ ಇಂಗ್ಲಿಷಿಗೆ ಇಳಿಸಿ.