ಗಡಿಯಾರ ನೋಡಲಿಕ್ಕೂ ಹೊತ್ತು ಹಿಡಿಯುತ್ತದೆ

ಕೇಳುಗರೆಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ತೋರಿಸುವಾಗ ‘ನಮ್ಮ ಕೋಡ್ 40 ನ್ಯಾನೋಸೆಕೆಂಡಿನಲ್ಲಿ ಮುಗಿಯುತ್ತದೆ’ ಅಂದರೆ ನಾನು ಕೇಳುವುದು ಒಂದೇ. ಆ ಹೊತ್ತು ಅಳೆದ ಕಂಪ್ಯೂಟರಿನ ಗಡಿಯಾರವನ್ನು ಮೊದಲು ಅಳೆದಿದ್ದೀರಾ?

ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ನ್ಯಾನೋಸೆಕೆಂಡ್. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರಂ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಅದನ್ನು ದಾಟಲು ಬೆಳಕಿಗೆ ಸುಮಾರು 5000 ನ್ಯಾನೋಸೆಕೆಂಡ್ ಬೇಕು. 40ರಲ್ಲಿ ಅದು 12 ಮೀಟರ್ ಹೋಗಿರುತ್ತದೆ, ಅರ್ಧ ಬೋಗಿಯಷ್ಟು.

ಕಂಪ್ಯೂಟರ್ ಕೆಲಸಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸಮಯ ಓದಿ ಕಳೆಯುತ್ತದೆ. ಆದರೆ ಓದುವುದೂ ಒಂದು ಕೆಲಸವೇ ಅಲ್ವಾ? ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪ್ರೊಸೆಸರ್‌ನೊಳಗೇ ಎಣಿಸುತ್ತಾ ಹೋಗುವ ಟಿಎಸ್‌ಸಿ ಎಂಬ ಕೌಂಟರನ್ನು ನೇರವಾಗಿ ಓದಲು ಆದರೆ ಒಂದು ಓದಿಗೆ ಸಾಮಾನ್ಯವಾಗಿ 20-30 ನ್ಯಾನೋಸೆಕೆಂಡ್. ಅದೇ ಯಂತ್ರ ಎಚ್‌ಪಿಇಟಿ ಎಂಬ ಬೇರೆ ಟೈಮರನ್ನು ನೆಚ್ಚಿದ್ದರೆ ಪ್ರತಿ ಸಲ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳಿಗೆ, ಹೋಗಿ ಬರಬೇಕು. ಆಗ ಖರ್ಚು ನೂರಾರು ನ್ಯಾನೋಸೆಕೆಂಡ್, ಕೆಲವೊಮ್ಮೆ ಸಾವಿರವನ್ನೂ ದಾಟುತ್ತದೆ. ಹಾಗಾಗಿ ಆ 40ರಲ್ಲಿ ಜಾಸ್ತಿ ಪಾಲು ಗಡಿಯಾರದ್ದೇ ಇರಬಹುದು.

ಇನ್ನು ಗಡಿಯಾರದ ಹೆಜ್ಜೆ. ವಿಂಡೋಸ್‌ನ ಹಳೆಯ ಟಿಕ್ ಎಣಿಕೆ 10ರಿಂದ 16 ಮಿಲಿಸೆಕೆಂಡಿಗೊಮ್ಮೆ ಮುಂದೆ ಸರಿಯುತ್ತದೆ. ಎರಡು ಹೆಜ್ಜೆಗಳ ನಡುವೆ ಏನೇ ನಡೆದು ಮುಗಿದರೂ ಉತ್ತರ ಸೊನ್ನೆ. ಸೊನ್ನೆ ಬಂತೆಂದು ಖುಷಿಪಡುವವರೂ ಇದ್ದಾರೆ!

ಪರೀಕ್ಷೆ ಸುಲಭ. ನಡುವೆ ಬೇರೇನೂ ಕೆಲಸ ಇಡದೆ ಒಂದರ ಹಿಂದೊಂದು ಲಕ್ಷ ಸಲ ಸಮಯ ಓದಿ. ಒಟ್ಟು ಹೊತ್ತನ್ನು ಲಕ್ಷದಿಂದ ಭಾಗಿಸಿ, ಅದು ಒಂದು ಓದಿನ ಖರ್ಚು. ಅಕ್ಕಪಕ್ಕದ ಓದುಗಳ ಅಂತರಗಳಲ್ಲಿ ಸೊನ್ನೆ ಬಿಟ್ಟು ಅತಿ ಸಣ್ಣದನ್ನು ಹುಡುಕಿ. ಅದಕ್ಕಿಂತ ಸಣ್ಣ ಹೊತ್ತನ್ನು ಆ ಗಡಿಯಾರ ನಿಮಗೆ ತೋರಿಸಲಾರದು. ಗಡಿಯಾರದ ಹೆಜ್ಜೆ ಎಷ್ಟು ಸಣ್ಣದೆಂದು ಸಿಸ್ಟಮನ್ನೇ ಕೇಳಿದರೆ ಸುಮ್ನೆ ‘1 ನ್ಯಾನೋಸೆಕೆಂಡ್’ ಎಂದು ಹೇಳಿಬಿಡುತ್ತದೆ, ನಂಬಬೇಡಿ. ಕೆಲವು ಅಂತರಗಳು ವಿಪರೀತ ದೊಡ್ಡದಾಗಿರುತ್ತವೆ. ಆಪರೇಟಿಂಗ್ ಸಿಸ್ಟಮ್ ನಡುವೆ ನಿಮ್ಮನ್ನು ನಿಲ್ಲಿಸಿ ಬೇರೆ ಕೆಲಸಕ್ಕೆ ಹೋಗಿದ್ದರ ಗುರುತು ಅದು. ಅವನ್ನು ಅಳಿಸಬೇಡಿ.

ಹಾಂ, ದಿನದ ಸಮಯ ಹೇಳುವ ಗಡಿಯಾರ ಬೇಡ. ಇಂಟರ್‌ನೆಟ್‌ನಿಂದ ಸರಿಪಡಿಸುವಾಗ ಅದು ಹಿಂದಕ್ಕೂ ಹೋಗಬಹುದು. ಮುಂದಕ್ಕೆ ಮಾತ್ರ ನಡೆಯುವ ಮೊನೋಟಾನಿಕ್ ಗಡಿಯಾರ ಬಳಸಿ.

ತೀರಾ ಸಣ್ಣ ಕೆಲಸವಾದರೆ ಎರಡು ಓದುಗಳ ನಡುವೆ ಸಾವಿರ ಸಲ ಮಾಡಿಸಿ ಭಾಗಿಸಬಹುದು. ಆದರೆ ಆಗ ಸಿಗುವುದು ಸರಾಸರಿ ಮಾತ್ರ. ಸಾವಿರದಲ್ಲಿ ಒಮ್ಮೆ ತಡವಾದದ್ದು ಅದರೊಳಗೆ ಮುಚ್ಚಿಹೋಗುತ್ತದೆ. ಗ್ರಾಹಕ ಫೋನ್ ಮಾಡಿ ಬೈಯುವುದು ಆ ಒಂದಕ್ಕೇ. ಮಿಲಿಸೆಕೆಂಡ್ ಹಿಡಿಯುವ ಕೆಲಸವಾದರೆ ಒಂದೊಂದನ್ನೂ ಬೇರೆ ಬೇರೆ ಅಳೆಯಿರಿ, ಅಲ್ಲಿ ಗಡಿಯಾರ ಓದುವ 25 ನ್ಯಾನೋಸೆಕೆಂಡ್ ಲೆಕ್ಕಕ್ಕೇ ಇಲ್ಲ. ನಮಸ್ಕಾರ.