ಬ್ರೇಕಿಲ್ಲದ ಬೈಕುಗಳ ಊರು

ಕೇಳುಗರಿಗೆ ನಮಸ್ಕಾರ.

ಮೈಸೂರು ಸೀಮೆಯವರಿಗೆ ಜಾವಾ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗಾಡಿ. ಒಂದೇ ಸಿಲಿಂಡರು, ಆದರೆ ಸೈಲೆನ್ಸರು ಎರಡು. ಕಿಕ್ ಹೊಡೆದ ಲಿವರನ್ನೇ ಮಡಿಚಿದರೆ ಅದೇ ಗೇರು. ನಮ್ಮ ಸೋದರಮಾವನ ಹತ್ತಿರ ಒಂದಿತ್ತು. ಭಾನುವಾರ ಬೆಳಗ್ಗೆ ಅಂಗಳದಲ್ಲಿ ನಿಲ್ಲಿಸಿಕೊಂಡು ಹಳೇ ಪಂಚೆಯ ತುಂಡಿನಲ್ಲಿ ಒರೆಸುತ್ತಾ ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಲ್ಲುವುದು ನನ್ನ ಕೆಲಸ.

ಜಾವಾ ಹೆಸರಿನದೇ ಇನ್ನೊಂದು ಗಾಡಿ ಇದೆ, ಅದಕ್ಕೆ ಬ್ರೇಕೇ ಇಲ್ಲ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಚೆಕ್ ದೇಶದ ದಿವಿಶೋವ್ ಎಂಬ ಊರಿನಲ್ಲಿ ಎಸೋ ಅಂತ ಒಂದು ರೇಸ್ ಬೈಕಿನ ಕಾರ್ಖಾನೆ ಇತ್ತು. 1960ರ ದಶಕದಲ್ಲಿ ಅದು ಜಾವಾ ಕಂಪನಿಯ ತೆಕ್ಕೆಗೆ ಬಂತು. ಅಲ್ಲಿ ತಯಾರಾದ 500 ಸಿಸಿ ಬೈಕುಗಳು ಸ್ಪೀಡ್‌ವೇ ಎಂಬ ಆಟದಲ್ಲಿ ದಶಕಗಳ ಕಾಲ ಓಡಿದವು. ಆ ಬೈಕಿನ ಜಾಡು ಹಿಡಿದು ಹೊರಟ ನಾನು ಬಂದು ನಿಂತದ್ದು ಪೋಲೆಂಡಿನ ಲೆಶ್ನೊ ಎಂಬ ಊರಿನಲ್ಲಿ. ಇವತ್ತು ನಿಮಗೆ ಹೇಳಹೊರಟಿರುವುದು ಆ ಊರಿನ ತಂಡದ ಕಥೆ.

ಮೊದಲು ಆಟ ಹೇಗೆಂದು ಹೇಳಿಬಿಡುತ್ತೇನೆ. ಮುನ್ನೂರು ಮೀಟರಿನ ಆಸುಪಾಸಿನ ಮೊಟ್ಟೆಯಾಕಾರದ ಮಣ್ಣಿನ ಹಾದಿ. ನಾಲ್ವರು ಸವಾರರು. ಕೆಂಪು, ನೀಲಿ, ಬಿಳಿ, ಹಳದಿ ಹೆಲ್ಮೆಟ್. ಬೈಕಿಗೆ ಒಂದೇ ಗೇರು, ಬ್ರೇಕು ಇಲ್ಲವೇ ಇಲ್ಲ. ಎಡಗಾಲಿನ ಬೂಟಿನ ಕೆಳಗೆ ಉಕ್ಕಿನ ಲಾಳ. ಬಲಗೈ ಮಣಿಕಟ್ಟಿಗೆ ಒಂದು ದಾರ. ಸವಾರ ಉರುಳಿಬಿದ್ದರೆ ದಾರ ಕಿತ್ತು ಬಂದು ಎಂಜಿನ್ ನಿಂತುಹೋಗಬೇಕು. ಎದುರಿಗೆ ಅಡ್ಡ ಕಟ್ಟಿದ ಪಟ್ಟಿ ಸರ್‍ರನೆ ಮೇಲಕ್ಕೆ ಚಿಮ್ಮುತ್ತದೆ, ನಾಲ್ವರೂ ಒಟ್ಟಿಗೆ ಮೊದಲನೇ ತಿರುವಿಗೆ ನುಗ್ಗುತ್ತಾರೆ. ತಿರುವಿರುವುದು ಎಡಕ್ಕೆ, ಮುಂದಿನ ಚಕ್ರ ತಿರುಗಿರುವುದು ಬಲಕ್ಕೆ! ಹಿಂದಿನ ಚಕ್ರ ಮಣ್ಣು ಕೆದರುತ್ತಾ ಜಾರುತ್ತದೆ, ಆ ಜಾರುವಿಕೆಯೇ ಬ್ರೇಕು, ಅದೇ ಸ್ಟೀರಿಂಗು. ನಾಲ್ಕು ಸುತ್ತು, ಒಂದು ನಿಮಿಷದ ಮಾತು. ಗೆದ್ದವನಿಗೆ 3 ಅಂಕ, ಆಮೇಲಿನವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ತಂಡಗಳ ಲೀಗಿನಲ್ಲಿ ಇಂಥ 15 ಓಟಗಳಾದರೆ ಒಂದು ಪಂದ್ಯ.

ಮೈದಾನದಲ್ಲಿ ಮೊದಲು ಮೂಗಿಗೆ ಬಡಿಯುವ ವಾಸನೆ ನಮಗೆ ಪರಿಚಯದ್ದೇ. ಈ ಬೈಕುಗಳಿಗೆ ಪೆಟ್ರೋಲ್ ಹಾಕುವುದಿಲ್ಲ, ಮೆಥನಾಲ್ ಹಾಕುತ್ತಾರೆ. ಅದಕ್ಕೆ ಒಗ್ಗುವ ಎಣ್ಣೆ ಹರಳೆಣ್ಣೆಯಿಂದ ತಯಾರಾದದ್ದು. ನಮ್ಮಜ್ಜಿ ಶನಿವಾರ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ! ಅದು ಸುಟ್ಟ ಸಿಹಿ ಸಿಹಿ ಘಾಟು ಸ್ಪೀಡ್‌ವೇ ಅಭಿಮಾನಿಗಳಿಗೆ ಜೀವ.

ಪೋಲೆಂಡಿನವರು ಈ ಆಟವನ್ನು ಕರೆಯುವುದು ಝೂಝೆಲ್ ಎಂದು. ಝೂಝೆಲ್ ಅಂದರೆ ಕುಲುಮೆಯಲ್ಲಿ ಉಳಿಯುವ ಕಿಟ್ಟ. ಹಿಂದೆ ಹಾದಿಗೆ ಅದನ್ನೇ ಹಾಸುತ್ತಿದ್ದರು, ಹಾಗಾಗಿ ಆಟಕ್ಕೂ ಅದೇ ಹೆಸರಾಯಿತು.

ಲೆಶ್ನೊ ಪಶ್ಚಿಮ ಪೋಲೆಂಡಿನ ಪಟ್ಟಣ. ಜನಸಂಖ್ಯೆ ಅರವತ್ತು ಸಾವಿರದ ಆಸುಪಾಸು. ಹದಿನೇಳನೇ ಶತಮಾನದಲ್ಲಿ ಶಿಕ್ಷಣತಜ್ಞ ಕೊಮೇನಿಯಸ್ ದೇಶ ಬಿಟ್ಟು ಬಂದಾಗ ಆಶ್ರಯ ಕೊಟ್ಟ ಊರು. ಊರನ್ನಾಳಿದ ಲೆಶ್ಚಿನ್ಸ್ಕಿ ಮನೆತನದ ಲಾಂಛನದಲ್ಲಿ ಗೂಳಿಯ ತಲೆ. ತಂಡದವರನ್ನೂ ಜನ ಗೂಳಿಗಳು ಎಂದೇ ಕರೆಯುತ್ತಾರೆ. 1938ರಲ್ಲಿ ಇಲ್ಲಿ ಮೋಟಾರ್‌ಸೈಕಲ್ ಕ್ಲಬ್ ಹುಟ್ಟಿತು. ಮರುವರ್ಷವೇ ಯುದ್ಧ. ಊರು ಜರ್ಮನರ ಕೈಗೆ ಹೋಯಿತು, ಕ್ಲಬ್ಬಿನ ಬಾಗಿಲು ಮುಚ್ಚಿತು.

ಯುದ್ಧ ಮುಗಿದ ಮೇಲೆ ಏನಾಯಿತು ನೋಡಿ. 1948ರಲ್ಲಿ ಪೋಲೆಂಡಿನಲ್ಲಿ ತಂಡಗಳ ಲೀಗ್ ಶುರುವಾಯಿತು. 1949ರಲ್ಲಿ ಲೆಶ್ನೊ ಗೆದ್ದಿತು. 50ರಲ್ಲಿ ಗೆದ್ದಿತು. 54ರವರೆಗೆ ಬಿಡದೆ ಆರು ವರ್ಷ ಗೆದ್ದಿತು. ರಾಜಧಾನಿ ವಾರ್ಸಾ ಇತ್ತು, ಗಣಿಯ ಊರುಗಳಿದ್ದವು, ದೊಡ್ಡ ದೊಡ್ಡ ಕಾರ್ಖಾನೆಯ ಊರುಗಳಿದ್ದವು. ಎಲ್ಲರನ್ನೂ ಹಿಂದೆ ಹಾಕಿದ್ದು ಈ ಸಣ್ಣ ಊರು.

ಆ ಗೆಲುವಿನ ನಡುವೆ ಒಬ್ಬ ಹುಡುಗನಿದ್ದ. ಅಲ್ಫ್ರೆಡ್ ಸ್ಮೋಚಿಕ್. ಹುಟ್ಟಿದ್ದು 1928ರಲ್ಲಿ, ಲೆಶ್ನೊ ಹತ್ತಿರದ ಕೊಶ್ಚಿಯಾನ್‌ನಲ್ಲಿ. ಯುದ್ಧ ಶುರುವಾದಾಗ ಅವನಿಗಿನ್ನೂ ಹನ್ನೊಂದು ತುಂಬಿರಲಿಲ್ಲ. 1949ರಲ್ಲಿ ದೇಶದ ವೈಯಕ್ತಿಕ ಚಾಂಪಿಯನ್ ಆದಾಗ ಇಪ್ಪತ್ತರ ಆಚೀಚೆ. ಮರುವರ್ಷ, 1950ರ ಸೆಪ್ಟೆಂಬರ್ 26ರಂದು ತೀರಿಕೊಂಡ. ರೇಸಿನ ಹಾದಿಯಲ್ಲಲ್ಲ, ಸಾಮಾನ್ಯ ರಸ್ತೆಯಲ್ಲಿ, ಮೋಟಾರ್‌ಸೈಕಲ್ ಅಪಘಾತದಲ್ಲಿ. ಬ್ರೇಕಿಲ್ಲದ ಗಾಡಿಯನ್ನು ಕಣ್ಣು ಮುಚ್ಚಿ ಪಳಗಿಸಿದ ಹುಡುಗ ಬ್ರೇಕಿದ್ದ ಗಾಡಿಯಲ್ಲಿ ಹೋಗಿಬಿಟ್ಟ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸು ಬರಲಿಲ್ಲ.

1954ರ ಗೆಲುವಿನ ನಂತರ ಮುಂದಿನ ಪ್ರಶಸ್ತಿಗೆ ಲೆಶ್ನೊ ಇಪ್ಪತ್ತೈದು ವರ್ಷ ಕಾಯಬೇಕಾಯಿತು. 1979 ಮತ್ತು 80ರಲ್ಲಿ ಮತ್ತೆ ಗೆಲುವು, 87ರಿಂದ 89ರವರೆಗೆ ಸತತ ಮೂರು. ಈ ಕಾಲದ ದೊಡ್ಡ ಹೆಸರು ರೋಮನ್ ಯಾಂಕೋವ್‌ಸ್ಕಿ. ಅವರ ಬಗ್ಗೆ ನನಗೆ ಹೆಚ್ಚು ಗೌರವ ಇರುವುದು ಗೆದ್ದದ್ದಕ್ಕಲ್ಲ. ಸವಾರಿ ಬಿಟ್ಟ ಮೇಲೂ ಅವರು ಮೈದಾನ ಬಿಡಲಿಲ್ಲ, ಹುಡುಗರಿಗೆ ಕಲಿಸಲು ನಿಂತರು.

ಪೋಲೆಂಡಿನ ಲೀಗಿನಲ್ಲಿ ಒಂದು ಒಳ್ಳೆಯ ಕಟ್ಟಳೆ ಇದೆ. ಪ್ರತಿ ತಂಡವೂ ಎಳೆಯ ಸವಾರರನ್ನು ಇಳಿಸಲೇಬೇಕು, ಎರಡನೇ ಓಟ ಪೂರ್ತಿ ಅವರದೇ. ದುಡ್ಡಿದ್ದ ಕ್ಲಬ್ಬು ವಿಶ್ವ ಚಾಂಪಿಯನ್ನನನ್ನೇ ಕರೆತರಬಹುದು. ಆದರೆ ಎರಡನೇ ಓಟಕ್ಕೆ ಹುಡುಗರು ಬೇಕೆಂದರೆ ಊರಲ್ಲೇ ಬೆಳೆಸಿಕೊಂಡರೆ ಒಳ್ಳೆಯದು. ಲೆಶ್ನೊ ಗಟ್ಟಿಯಾಗಿ ನಿಂತದ್ದು ಇಲ್ಲಿ. ಇಲ್ಲಿ ಪಳಗಿದ ಪ್ಯೋತ್ರ್ ಪಾವ್‌ಲಿಟ್ಸ್ಕಿ 2014ರಲ್ಲಿ, ಬಾರ್ತೋಶ್ ಸ್ಮೆಕ್ತಾವಾ 2018ರಲ್ಲಿ 21ರೊಳಗಿನವರ ವಿಶ್ವ ಚಾಂಪಿಯನ್ನರಾದರು. 2017ರಿಂದ 2020ರವರೆಗೆ ತಂಡ ಸತತ ನಾಲ್ಕು ಸಲ ಗೆದ್ದಾಗ ಹುಡುಗರು ತಂದ ಅಂಕಗಳ ಪಾಲು ದೊಡ್ಡದು. ಒಟ್ಟು 18 ಪ್ರಶಸ್ತಿ. ಪೋಲೆಂಡಿನಲ್ಲಿ ಬೇರಾವ ತಂಡಕ್ಕೂ ಇಷ್ಟಿಲ್ಲ.

ಹೊರಗಿನಿಂದ ಬಂದು ಊರಿನವರೇ ಆದವರೂ ಇದ್ದಾರೆ. ಆಸ್ಟ್ರೇಲಿಯಾದ ಲೀ ಆ್ಯಡಮ್ಸ್ 1996ರಲ್ಲಿ ಬಂದವರು 2010ರವರೆಗೆ ಇದೇ ತಂಡಕ್ಕೆ ಓಡಿಸಿದರು. ಸವಾರರು ವರ್ಷಕ್ಕೊಂದು ಕ್ಲಬ್ಬು ಬದಲಿಸುವ ಆಟದಲ್ಲಿ ಹದಿನೈದು ಹಂಗಾಮು! 2007 ಮತ್ತು 2010ರ ಪ್ರಶಸ್ತಿಗಳಲ್ಲಿ ಅವರ ಕೈಯಿದೆ. ನಿವೃತ್ತಿಯ ಮರುವರ್ಷ, ತಮ್ಮ ದೇಶದ ಮರುಭೂಮಿ ರೇಸಿಗೆ ಅಭ್ಯಾಸ ಮಾಡುವಾಗ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದರು.

2024ರಲ್ಲಿ ಲೆಶ್ನೊ ಕೊನೇ ಸ್ಥಾನಕ್ಕೆ ಕುಸಿದು ಮೇಲಿನ ಲೀಗಿನಿಂದ ಹೊರಬಿತ್ತು. ನಾಲ್ಕು ವರ್ಷದ ಹಿಂದೆ ರಾಜನಾಗಿದ್ದ ತಂಡ. ಈ ಆಟದಲ್ಲಿ ಇಬ್ಬರು ಸವಾರರು ಗಾಯಗೊಂಡರೂ ಸಾಕು, ಇಡೀ ವರ್ಷದ ಲೆಕ್ಕ ತಲೆಕೆಳಗು.

ಈ ಆಟದ ಜನರ ಒಂದು ಅಭ್ಯಾಸ ನನಗೆ ಬಲು ಇಷ್ಟ. ಕಾರ್ಯಕ್ರಮದ ಪುಸ್ತಿಕೆ ಕೊಂಡು, ಪೆನ್ನು ಹಿಡಿದು ಕೂರುತ್ತಾರೆ. ಓಟ ಮುಗಿದೊಡನೆ ಯಾರಿಗೆ ಮೂರು, ಯಾರಿಗೆ ಸೊನ್ನೆ ಎಂದು ಮನೆಮನೆ ತುಂಬುತ್ತಾರೆ. ದೊಡ್ಡ ಪರದೆಯಲ್ಲಿ ಅಂಕ ಕಾಣುತ್ತಿದ್ದರೂ ತಮ್ಮ ಕೈಯಲ್ಲಿ ಬರೆದರೇ ಸಮಾಧಾನ. ಹಾದಿಯಿಂದ ಸಿಡಿದ ಮಣ್ಣು ಹಾಳೆಯ ಮೇಲೆ ಬೀಳುತ್ತದೆ, ಒರೆಸಿ ಬರೆಯುತ್ತಾರೆ.

ಹಾಗೆ ಬರೆಯುತ್ತಾ ಅವರು ಕೂರುವ ಮೈದಾನದ ಹೆಸರು ಅಲ್ಫ್ರೆಡ್ ಸ್ಮೋಚಿಕ್ ಕ್ರೀಡಾಂಗಣ. 2007 ಮತ್ತು 2009ರಲ್ಲಿ ಸ್ಪೀಡ್‌ವೇ ವಿಶ್ವಕಪ್ಪಿನ ಫೈನಲ್ ನಡೆದದ್ದು ಅಲ್ಲೇ, ಎರಡು ಸಲವೂ ಪೋಲೆಂಡ್ ಗೆದ್ದಿತು. ಸ್ಮೋಚಿಕ್ ತೀರಿಕೊಂಡ ಮರುವರ್ಷ, 1951ರಲ್ಲಿ, ಅವನ ನೆನಪಿನ ಪಂದ್ಯ ಶುರುವಾಯಿತು. ಅವನನ್ನು ಕಂಡಿರದ ಹುಡುಗರು, ಅವರ ಅಪ್ಪಂದಿರೂ ಕಂಡಿರದವರು, ಬೇರೆ ಬೇರೆ ಊರುಗಳಿಂದ ಬಂದು ಅವನ ಊರಿನ ತಿರುವಿನಲ್ಲಿ ಎಡಗಾಲಿನ ಉಕ್ಕಿನ ಲಾಳ ಊರಿ ಜಾರುತ್ತಾರೆ.

ನಮಸ್ಕಾರ.