ಬೇಕಲದ ಗಾಳಿ, ಲುಪಾಂನ ಕ್ಯಾಮೆರಾ

ನಾನೀಗ ಬೇಕಲ ಕೋಟೆಯ ಮೇಲಿದ್ದೇನೆ. ಮಳೆ ಈಗಷ್ಟೇ ಬಿಟ್ಟಿದೆ. ಮುರಕಲ್ಲಿಗೆ ಪಾಚಿ ಹಿಡಿದಿದೆ, ಕಾಲಿಟ್ಟಲ್ಲಿ ಜಾರುತ್ತದೆ. ಕೋಟೆಯ ಕಥೆ ಇನ್ನೊಂದು ದಿನ ಹೇಳುತ್ತೇನೆ. ಇವತ್ತು ಒಬ್ಬ ಕಳ್ಳನ ಕಥೆ.

ಹೆಸರು ಆರ್ಸೆನ್ ಲುಪಾಂ. ಫ್ರಾನ್ಸಿನ ಮೋರಿಸ್ ಲೆಬ್ಲಾಂ 1905ರಲ್ಲಿ ಇವನ ಮೊದಲ ಕಥೆ ಬರೆದರು. ತಮಾಷೆ ಏನು ಗೊತ್ತಾ? ಮೊದಲ ಕಥೆಯಲ್ಲೇ ಇವನು ಸಿಕ್ಕಿಬೀಳುತ್ತಾನೆ! ಕಾಸರಗೋಡಿನಿಂದ ಹೊರಟ ರೈಲಿನಲ್ಲಿ ಅದನ್ನು ಓದುತ್ತಾ ಕೂತಿದ್ದೆ. ಮಂಜೇಶ್ವರದಲ್ಲಿ ಇಳಿಯಬೇಕಾಗಿತ್ತು. ತಲೆ ಎತ್ತಿದಾಗ ಉಳ್ಳಾಲ ಬಂದಿತ್ತು.

ಅಮೆರಿಕಕ್ಕೆ ಹೊರಟ ಹಡಗು. ನಡುಕಡಲಲ್ಲಿ ಒಂದು ವೈರ್‌ಲೆಸ್ ಸಂದೇಶ ಬರುತ್ತದೆ: ಲುಪಾಂ ನಿಮ್ಮ ಹಡಗಿನಲ್ಲೇ ಇದ್ದಾನೆ, ಫಸ್ಟ್ ಕ್ಲಾಸಿನಲ್ಲಿ, ಹೊಂಬಣ್ಣದ ಕೂದಲು, ಬಲಗೈಯಲ್ಲಿ ಗಾಯ, ಒಬ್ಬನೇ ಬಂದಿದ್ದಾನೆ, ಸುಳ್ಳು ಹೆಸರಿನ ಮೊದಲ ಅಕ್ಷರ 'R'... ಅಷ್ಟರಲ್ಲಿ ಗುಡುಗು ಸಿಡಿಲು, ಸಂದೇಶ ನಿಂತೇ ಹೋಯಿತು. ಆಮೇಲೆ ಹಡಗಿನವರೆಲ್ಲ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವುದೇ ಕೆಲಸ. ಒಬ್ಬ ಹೆಂಗಸಿನ ಒಡವೆ ಬೇರೆ ಮಾಯ.

ಇನ್ನು ಗುಟ್ಟು ಬಿಟ್ಟುಕೊಡುತ್ತೇನೆ. 120 ವರ್ಷ ಹಳೇ ಕಥೆ, ಬೈಯಬೇಡಿ. ಇದನ್ನೆಲ್ಲ ನಮಗೆ ಹೇಳುತ್ತಿರುವವನೇ ಲುಪಾಂ!

ನಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ. ವೇಷ ಕಟ್ಟುವ ಚೌಕಿಯಲ್ಲಿ ಇಣುಕಿ ನೋಡುತ್ತಾ ಬೆಳೆದವರು ನಾವು. ಬಣ್ಣ ಹಚ್ಚಿಕೊಂಡವರು ಯಾರು ಅಂತ ಗೊತ್ತಿದ್ದೂ ರಂಗಸ್ಥಳದಲ್ಲಿ ನಮಗೆ ಕಾಣುವುದು ರಾವಣನೇ. ಲುಪಾಂ ಮಾಡುವುದು ಉಲ್ಟಾ. ಬಣ್ಣವೇ ಹಚ್ಚದೆ ನಮ್ಮ ಪಕ್ಕದಲ್ಲೇ ಕೂತು, 'ಕಳ್ಳ ಯಾರಿರಬಹುದು?' ಅಂತ ನಮ್ಮ ಜೊತೆಗೇ ಹುಡುಕುತ್ತಾನೆ. ಮೋಸ ಹೋದೆ ಅಂತ ಗೊತ್ತಾದಾಗ ಕೋಪ ಬರುವುದಿಲ್ಲ, ನಗು ಬರುತ್ತದೆ. ಹಿಂದಿನ ಪುಟಕ್ಕೆ ಹೋಗಿ ನೋಡಿದರೆ ಅವನು ಒಂದು ಸುಳ್ಳೂ ಹೇಳಿಲ್ಲ ಅನಿಸುತ್ತದೆ. ಹೇಳಬೇಕಾದದ್ದನ್ನು ಸುಮ್ನೆ ಹೇಳಿಲ್ಲ, ಅಷ್ಟೇ.

ಇಂಗ್ಲೆಂಡಿನಲ್ಲಿ ಇವನಿಗಿಂತ ಮೊದಲೇ ರಾಫಲ್ಸ್ ಅಂತ ಒಬ್ಬ ಇದ್ದ. ಹಗಲು ಕ್ರಿಕೆಟ್, ರಾತ್ರಿ ಕನ್ನ. ಅವನನ್ನು ಸೃಷ್ಟಿಸಿದ ಹಾರ್ನಂಗ್, ಷರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್ ಅವರ ತಂಗಿಯ ಗಂಡ. ಒಂದೇ ಮನೆತನದಲ್ಲಿ ಪತ್ತೇದಾರನೂ ಕಳ್ಳನೂ! ಆದರೂ ನನ್ನ ಓಟು ಲುಪಾಂಗೇ.

ಅದಕ್ಕೆ ಕಾರಣ ಆ ಕಥೆಯ ಕೊನೆ. ಕದ್ದ ಒಡವೆಯೆಲ್ಲ ಇರುವುದು ಒಂದು ಕೊಡಕ್ ಕ್ಯಾಮೆರಾದೊಳಗೆ. ಪೊಲೀಸರು ಹಿಡಿಯುವ ಹೊತ್ತಿಗೆ ಅದು ಅವನು ಹಡಗಿನಲ್ಲಿ ಮೆಚ್ಚಿದ ನೆಲ್ಲಿ ಎಂಬ ಹುಡುಗಿಯ ಕೈಯಲ್ಲಿದೆ. ಅವಳಿಗೆ ಎಲ್ಲ ಅರ್ಥವಾಗಿದೆ. ಹಡಗಿನಿಂದ ಇಳಿಯುತ್ತಾಳೆ, ನಡುವೆ ಕೈ ತಪ್ಪಿದ ಹಾಗೆ ಮಾಡಿ ಕ್ಯಾಮೆರಾವನ್ನು ನೀರಿಗೆ ಬಿಡುತ್ತಾಳೆ. ತಿರುಗಿಯೂ ನೋಡದೆ ಹೊರಟುಹೋಗುತ್ತಾಳೆ.

ಅಯ್ಯೋ, ಮತ್ತೆ ಹನಿ ಶುರುವಾಯಿತು. ತಾಳಿ, ನನ್ನ ಕ್ಯಾಮೆರಾವನ್ನು ಕೊಡೆಯೊಳಗೆ ತೆಗೆದುಕೊಳ್ಳುತ್ತೇನೆ. ಇದರೊಳಗೆ ಒಡವೆ ಏನೂ ಇಲ್ಲ, ಕಂತು ಮಾತ್ರ ಬಾಕಿ ಇದೆ.